ದೂರದಿಂದ ಓದುವ ಅಕ್ಷರ

ಮೊನ್ನೆ ನಾದಿನಿಯ ಮನೆಗೆಂದು ಕಾರವಾರದಲ್ಲಿ ಕದ್ವಾಡದ ಬಸ್ಸು ಹತ್ತಿದ್ದೆ. ಬೆಳಗಿನಿಂದ ಹೊಯ್ದ ಮಳೆ ಸ್ವಲ್ಪ ಹೊಳವಾಗಿತ್ತು. ಊರು ಹತ್ತಿರ ಬರುವಾಗ ತಿರುವಿನ ಲೈಟು ಕಂಬಕ್ಕೆ ಕಟ್ಟಿದ್ದ ಒಂದು ಫ್ಲೆಕ್ಸ್ ಕಂಡಿತು. ಫ್ಲೆಕ್ಸ್ ನನಗೇನು ಹೊಸದಲ್ಲ, ನನ್ನ ಹೊಟ್ಟೆ ತುಂಬುವುದೇ ಅದರಿಂದ. ಆದರೆ ಅದರ ಮೇಲಿದ್ದದ್ದು ನನ್ನ ಗಂಡನ ಅಕ್ಷರ. ದಪ್ಪ ದಪ್ಪ, ಉರುಟು ಉರುಟು, ಹುಡುಕಿದರೂ ಒಂದು ಮೂಲೆ ಸಿಗದ ಅಕ್ಷರ. ಅದರಲ್ಲಿ ಬರೆದಿದ್ದರು: ಭಾವಪೂರ್ಣ ಶ್ರದ್ಧಾಂಜಲಿ.

ನಾನು ಎದ್ದು ನಿಂತು "ನಿಲ್ಸಿ, ನಿಲ್ಸಿ" ಎಂದು ಕೂಗಿದೆ.

"ಇಲ್ಲಿ ಸ್ಟಾಪಿಲ್ಲ ಅಕ್ಕಾ, ಮುಂದೆ ಇಳೀರಿ" ಎಂದ ಕಂಡಕ್ಟರ್.

"ನಿನ್ನ ಸ್ಟಾಪಿನ ಮನೆ ಹಾಳಾಗ! ನಿಲ್ಸು ಮಾರಾಯಾ!"

ಅವನು ನಿಲ್ಲಿಸಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಕೆಸರು ತುಳಿಯುತ್ತ ಹಿಂದಕ್ಕೆ ನಡೆದು ಬಂದೆ. ಫೋಟೋದಲ್ಲಿ ಎರಡು ಜುಟ್ಟಿನ ಒಂದು ಹೆಣ್ಣುಮಗು. ಮುಂದಿನ ಹಲ್ಲು ಬಿದ್ದಿತ್ತು, ಅದನ್ನು ಮುಚ್ಚಿಕೊಳ್ಳದೆ ನಗುತ್ತಿತ್ತು. ಕೆಳಗೆ ಅದರ ಹೆಸರು, ಅವನಿ. ಅದೂ ಅದೇ ಅಕ್ಷರದಲ್ಲಿ. ಸಾಲದ್ದಕ್ಕೆ ಜಾಗ ತುಂಬಲಿ ಎಂದು ಅಕ್ಷರಗಳನ್ನು ಎರಡೂ ಕಡೆಯಿಂದ ಹಿಡಿದು ಅಡ್ಡಕ್ಕೆ ಎಳೆದಿದ್ದರು. ಹಾಗೆ ಎಳೆದರೆ ಉರುಟು ಅಕ್ಷರ ಉರುಟಾಗಿ ಉಳಿಯುವುದಿಲ್ಲ, ತುಳಿದ ಹಣ್ಣಿನ ಹಾಗೆ ಆಗುತ್ತದೆ. ಮಗುವನ್ನು ನೋಡಿ ಸಂಕಟವಾಯಿತು, ಅಕ್ಷರ ನೋಡಿ ಸಿಟ್ಟು ಬಂತು. ಕೆಳಗಿನ ತುದಿಯಲ್ಲಿ ಸಣ್ಣದಾಗಿ ಅಂಗಡಿಯ ಹೆಸರಿತ್ತು. ಕಾರವಾರದ ಗಣಪತಿಯ ಅಂಗಡಿ. ನನಗೆ ಚೆನ್ನಾಗಿ ಪರಿಚಯದವನೇ. ತಡಿ ಗಣಪತಿ, ಇವತ್ತು ನಿನ್ನ ಗ್ರಹಚಾರ ಬಿಡಿಸ್ತೆ ಎಂದುಕೊಂಡೆ.

ನಾದಿನಿ ಬಿಸಿ ಅನ್ನಕ್ಕೆ ಬಂಗಡೆ ಸಾರು ಬಡಿಸಿ ಎದುರು ಕೂತಳು. ವಿಷಯ ಹೇಳಿದೆ. "ಜ್ವರ ಅಂತೆ ವೈನೀ, ಮೂರೇ ದಿವ್ಸ. ಆಡ್ತಾ ಇದ್ದ ಪೋರಿ" ಎಂದಳು. ಇನ್ನೊಂದು ಸೌಟು ಸಾರು ಹಾಕುತ್ತ, "ಅಣ್ಣ ಇದ್ದಿದ್ರೆ ಆ ಫ್ಲೆಕ್ಸನ್ನ ಬಿಚ್ಚಿ ಹಾಕ್ತಿದ್ದ" ಎಂದಳು. ಹೌದು, ಬಿಚ್ಚಿ ಹಾಕುತ್ತಿದ್ದರು. ಯಾಕೆಂದು ಹೇಳಬೇಕಾದರೆ ಆ ಒಂದು ಮಳೆಗಾಲವನ್ನು ಹೇಳಬೇಕು.

ಇವರು ಮಾಜಾಳಿಯಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದವರು. ನಾನು ಹಿಲ್ಲೂರಿನ ಕಾಡಿನವಳು, ಮದುವೆಯಾಗಿ ಬರುವ ತನಕ ಕಡಲನ್ನು ಸರಿಯಾಗಿ ನೋಡಿದವಳಲ್ಲ. ಬಂದ ಹೊಸತರಲ್ಲಿ ದಂಡೆಯ ಮೇಲೆ ಸಾಲಾಗಿ ನಿಂತ ದೋಣಿಗಳ ಮೂತಿಯ ಮೇಲಿದ್ದ ಅಕ್ಷರ ನೋಡಿ ನಗು ತಡೆಯಲಾಗಲಿಲ್ಲ. "ಇದೆಂತದು, ಎಲ್ಲಾ ಬಸುರಿ ಅಕ್ಷರ!" ಎಂದುಬಿಟ್ಟೆ. ಇವರು ಸಿಟ್ಟಾಗಲಿಲ್ಲ. "ಹೌದು ಗೊ, ಅಕ್ಷರಕ್ಕೆ ಹೊಟ್ಟೆ ಇರ್ಬೇಕು. ಇಲ್ದಿರೆ ಬಣ್ಣ ಎಲ್ಲಿ ನಿಲ್ತದೆ?" ಎಂದರು. ನಮಗೆ ಮಕ್ಕಳಾಗಲಿಲ್ಲ. ಆಮೇಲಾಮೇಲೆ ಆ ಚೇಷ್ಟೆಯ ಮಾತನ್ನು ನಾನು ಬಿಟ್ಟೆ, ಇವರು ಬಿಡಲಿಲ್ಲ. ದೋಣಿಗೆ ಹೆಸರು ಬರೆದು ಬಂದ ದಿನ, ಕೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತ, "ಇವತ್ತು ನಾಲ್ಕು ಜನಕ್ಕೆ ಸೀಮಂತ ಮುಗಿಸ್ಬಂದೆ" ಎನ್ನುತ್ತಿದ್ದರು. ಸೀಮೆಎಣ್ಣೆಯ ವಾಸನೆ ಇಲ್ಲದ ಗಂಡಸನ್ನು ನಾನು ಗಂಡನೆಂದು ಊಹಿಸಿಕೊಳ್ಳಲಾರದಷ್ಟು ಅದು ಮನೆಗೆ ಒಗ್ಗಿಹೋಗಿತ್ತು.

ನಮ್ಮ ಲಿಪಿಯೇ ಉರುಟು. ಇವರು ಅದನ್ನು ಇನ್ನೂ ಉರುಟು ಮಾಡಿದ್ದರು. ತಲೆಕಟ್ಟು ಗಿಡ್ಡ, ಹೆಬ್ಬೆಟ್ಟಿನ ತುದಿಯ ಹಾಗೆ. ಒಳಗಿನ ಬೆಳಕಿನ ಕಿಂಡಿ ಸಣ್ಣದು, ಆದರೆ ಎಂದೂ ಮುಚ್ಚಿಹೋಗದು. ಉಳಿದ ಪೇಂಟರುಗಳು ಒತ್ತಕ್ಷರವನ್ನು ಕೆಳಗೆ ಚಿಕ್ಕದಾಗಿ ತುರುಕುತ್ತಾರೆ. ಇವರದು ಹಾಗಲ್ಲ. "ಕೆಳಗೆ ಕೂತವ್ನಿಗೂ ಊಟ ಸಿಗ್ಬೇಕಲೆ" ಎಂದು ಅದಕ್ಕೂ ಅಷ್ಟೇ ಮೈ ಕೊಡುತ್ತಿದ್ದರು. ಮೂಲೆ ಮಾತ್ರ ಎಲ್ಲೂ ಇಲ್ಲ. ಮೂಲೆ ಇದ್ದಲ್ಲಿ ಉಪ್ಪು ಕೂರುತ್ತದೆ, ಉಪ್ಪು ಕೂತಲ್ಲಿ ಬಣ್ಣ ಏಳುತ್ತದೆ ಎನ್ನುವುದು ಅವರ ಲೆಕ್ಕ.

ಇನ್ನೊಂದು ಪದ್ಧತಿ ಇತ್ತು, ಅದು ಇವರದೇ. ದೋಣಿಯ ಹೆಸರಿನ ಎಲ್ಲಾ ಅಕ್ಷರಕ್ಕೂ ಬಣ್ಣ ತುಂಬಿ, ಕೊನೆಯ ಅಕ್ಷರದ ಗೆರೆ ಮಾತ್ರ ಎಳೆದು ಹೊಟ್ಟೆ ಖಾಲಿ ಬಿಡುತ್ತಿದ್ದರು. ಆ ಮನೆಯ ಹೆಂಗಸನ್ನು ಕರೆದು ಬ್ರಶ್ಶು ಕೈಗೆ ಕೊಡುತ್ತಿದ್ದರು. ಬಣ್ಣವೂ ಅವಳು ಹೇಳಿದ್ದೇ. ದಂಡೆಯ ಮೇಲೆ ಕಾಯುವವಳು ಅವಳು, ಓದಲು ಬರಲಿ ಬಿಡಲಿ, ತಾನೇ ತುಂಬಿದ ಅಕ್ಷರವನ್ನು ಎಷ್ಟು ದೂರದಲ್ಲೂ ಗುರುತು ಹಿಡಿಯುತ್ತಾಳೆ ಎನ್ನುತ್ತಿದ್ದರು. ಹೆಂಗಸರು ನಾಚುತ್ತ, ಸೆರಗು ಸಿಕ್ಕಿಸಿಕೊಂಡು, ನಾಲಿಗೆ ಕಚ್ಚಿಕೊಂಡು ತುಂಬುತ್ತಿದ್ದರು. ಗೆರೆ ದಾಟಿ ಬಣ್ಣ ಹೊರಗೆ ಬಂದರೂ ಇವರು ಅಳಿಸುತ್ತಿರಲಿಲ್ಲ.

ನನ್ನದು ಆಗ ಕಾರವಾರದ ಬಸ್‌ಸ್ಟ್ಯಾಂಡಿನ ಹತ್ತಿರ ಡಿಟಿಪಿ ಅಂಗಡಿ. ಮದುವೆ ಕಾಗದ, ಬಿಲ್ ಬುಕ್ಕು, ಆಮೇಲೆ ಫ್ಲೆಕ್ಸ್. ಜನ ಚೇಷ್ಟೆ ಮಾಡುತ್ತಿದ್ದರು, "ಗಂಡ ಬ್ರಶ್ಶು, ಹೆಂಡ್ತಿ ಮೌಸು" ಎಂದು. ಜಗಳವೇನೂ ಇರಲಿಲ್ಲ. ಉಪ್ಪುನೀರಿನಲ್ಲಿ ಫ್ಲೆಕ್ಸ್ ನಿಲ್ಲುವುದಿಲ್ಲ, ದೋಣಿಗೆ ಬಣ್ಣವೇ ಆಗಬೇಕು.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಇವರು ಬರೆದ ಗೆರೆಗೆ ಹಲ್ಲು ಮೂಡಿತು. ಹೌದು, ಹಲ್ಲು. ಎಣ್ಣೆ ಸುರಿದ ಹಾಗೆ ಇರುತ್ತಿದ್ದ ಅಂಚು ಗರಗಸದ ಹಾಗೆ ಬಂತು. "ಬ್ರಶ್ಶಿನ ಕೂದ್ಲು ಸರಿಯಿಲ್ಲ" ಎಂದರು. ಹೊಸ ಬ್ರಶ್ಶು ತಂದುಕೊಟ್ಟೆ. ಅದಕ್ಕೂ ಹಲ್ಲು. ಆಮೇಲೆ ಊಟಕ್ಕೆ ಕೂತಾಗ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದುದನ್ನು ಕಂಡೆ. ಡಾಕ್ಟರು ನೋಡಿ, ಇದು ನಡುಕದ ಕಾಯಿಲೆ, ವಾಸಿಯಾಗುವುದಲ್ಲ, ಮಾತ್ರೆಯಿಂದ ಸ್ವಲ್ಪ ಹತೋಟಿಗೆ ಬರುತ್ತದೆ ಎಂದರು. ವಾಪಸು ಬರುವಾಗ ಕಾಳಿ ಸೇತುವೆಯ ಮೇಲೆ ಬಸ್ಸು ನಿಂತಿತ್ತು. ಇವರು ಕೆಳಗೆ ನೀರನ್ನೇ ನೋಡುತ್ತ, "ಕಾಲಿಗೆ ಬಂದಿದ್ರೆ ಎಂತಾ ಆಗ್ತಿತ್ತು ದೇವ್ರಿಗೆ?" ಎಂದರು.

ಮಾತ್ರೆ ನುಂಗಿದ ಮೇಲೆ ಬೆಳಿಗ್ಗೆ ಸ್ವಲ್ಪ ಹೊತ್ತು ಕೈ ನಿಲ್ಲುತ್ತಿತ್ತು. ಹಾಲಿನವನು ಬಂದು ಹೋದಲ್ಲಿಂದ ಶಾಲೆಯ ಗಂಟೆ ಕೇಳುವ ತನಕ ಎನ್ನಿ. ಅಷ್ಟೇ. ಆಮೇಲೆ ದಿನವಿಡೀ ನಡುಕ. ಆ ಸ್ವಲ್ಪ ಹೊತ್ತಿನ ಮೇಲೆಯೇ ನಮ್ಮಿಬ್ಬರಿಗೂ ಜಗಳ ಬಿದ್ದದ್ದು.

ನನಗೆ ಆ ಹೊತ್ತು ಕಾಗದದ ಮೇಲೆ ಬೇಕಿತ್ತು. ಇವರ ಅಕ್ಷರವನ್ನೆಲ್ಲ ಬಟರ್ ಪೇಪರಿನ ಮೇಲೆ ಬರೆಸಿ, ಸ್ಕ್ಯಾನ್ ಮಾಡಿ, ಫಾಂಟ್ ಮಾಡಿಬಿಡಬೇಕು ಎಂಬ ಹಟ ನನ್ನದು. ಕೈ ಹೋದರೂ ಅಕ್ಷರ ಉಳಿಯಬೇಕು. ನಮ್ಮ ಡಿಟಿಪಿಯವರ ಹಳೇ ಕ್ರಮ ನನಗೆ ಗೊತ್ತಿತ್ತು. ಅಕ್ಷರದ ಮೈ ಬೇರೆ, ತಲೆಕಟ್ಟು ಬೇರೆ, ಗುಡಿಸು ಬೇರೆ, ಒತ್ತು ಬೇರೆ, ತುಂಡು ತುಂಡು ಮಾಡಿ ಜೋಡಿಸುವುದು. ಇವರಿಗೆ ಆ ಹೊತ್ತು ದಾಮುವಿನ ಹೋಡಿಗೆ, ಎಂದರೆ ದೋಣಿಗೆ, ಬೇಕಿತ್ತು. ದಾಮು ಇವರ ಬಾಲ್ಯದ ಗೆಳೆಯ. ಎಷ್ಟೋ ವರ್ಷ ಬೇರೆಯವರ ದೋಣಿಯಲ್ಲಿ ದುಡಿದು ಆ ವರ್ಷ ಸ್ವಂತದ್ದೊಂದು ಮಾಡಿಕೊಂಡಿದ್ದ. ಮೀನುಗಾರಿಕೆ ನಿಲ್ಲಿಸುವ ಮಳೆಯ ತಿಂಗಳುಗಳಲ್ಲಿ ಅದು ದಂಡೆಯ ಮೇಲೆ, ತೆಂಗಿನ ಗರಿಯ ಮಾಡಿನ ಕೆಳಗೆ, ಹೆಸರಿಲ್ಲದೆ ನಿಂತಿತ್ತು. ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ನೀರಿಗಿಳಿಸುವ ಮೊದಲು ಹೆಸರು ಬರೆಯಬೇಕು.

"ಒಂದು ಹೋಡಿಗೆ ಬರೆದ್ರೆ ಒಂದೇ ಹೋಡಿ ಆಯ್ತು. ಕಾಗದದ ಮೇಲೆ ಬರೆದ್ರೆ ಊರಿಗೇ ಆಯ್ತು. ಇಷ್ಟೂ ಬುದ್ಧಿ ಇಲ್ವಾ ನಿಮಗೆ?" ನಾನು ಕೂಗಾಡಿದೆ.

"ಊರು ನಂಗೆ ಎಂತಕ್ಕೆ ಗೊ? ದಾಮೂಗೆ ಮಾತು ಕೊಟ್ಟಿದ್ದೆ."

"ದಾಮೂಗೆ ಬೇರೆ ಯಾರಾದ್ರೂ ಬರೀತಾರೆ."

"ಬರೀತಾರೆ. ಅದ್ಕೇ ಹೊಟ್ಟೆ ಉರೀತದೆ ನಂಗೆ" ಎಂದು ಮುಖ ತಿರುಗಿಸಿಕೊಂಡರು.

ಕೊನೆಗೆ ದಾಮುವಿನ ಹೆಂಡತಿ ರುಕ್ಮಾ ನಮ್ಮಿಬ್ಬರ ಪಂಚಾಯ್ತಿ ಮಾಡಿದಳು. ಮೀನಿನ ಬುಟ್ಟಿ ಕೆಳಗಿಟ್ಟು, "ನಮ್ದು ಸಣ್ಣ ಹೆಸ್ರು, ಹುಣ್ಣಿಮೆ ಹತ್ರ ಬಂದಾಗ ಬರೀರಿ ಸಾಕು. ಅಲ್ಲೀವರಿಗೆ ಅವಳ ಕೆಲ್ಸ ಮಾಡ್ಕೊಡಿ. ದಿನಾ ಬೆಳಿಗ್ಗೆ ನಿಮ್ಮ ಗಲಾಟಿ ಕೇಳಿ ನನ್ನ ಮೀನು ಸೈತ ಹಳಸ್ತದೆ" ಎಂದಳು. ಇವರು ನಕ್ಕುಬಿಟ್ಟರು. ಮಾರನೇ ದಿನದಿಂದ ಕಾಗದದ ಕೆಲಸ ಶುರುವಾಯಿತು.

ಹೊರಗೆ ಆಷಾಢದ ಮಳೆ. ಮನೆಯೊಳಗೆ ಎಲ್ಲವೂ ಮುಗ್ಗಲು. ಬಟರ್ ಪೇಪರು ತೇವ ಹೀರಿ ಸುರುಳಿಯಾಗುತ್ತಿತ್ತು, ನಾನು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಹಾಳೆ ಒಣಗಿಸಿ ಕೊಡುತ್ತಿದ್ದೆ. ಇವರು ಉಸಿರು ಹಿಡಿದು ಗೆರೆ ಎಳೆಯುತ್ತಿದ್ದರು, ಗೆರೆ ಮುಗಿದ ಮೇಲೆ ಉಸಿರು ಬಿಡುತ್ತಿದ್ದರು. ಎದುರಿಗೆ ಕೂತ ನಾನೂ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತಿದ್ದೆ. ಪ್ರತಿಯೊಂದು ಅಕ್ಷರಕ್ಕೂ ಅವರದೊಂದು ಮಾತು ಇರುತ್ತಿತ್ತು. "ಈ 'ಅ' ನೋಡು, ಮಾಜಾಳಿಯ ಭಟ್ಟರ ಹಾಗೆ, ಊಟ ಆದ್ಮೇಲೆ ಎದ್ದೇಳೂಕೆ ಆಗೂದಿಲ್ಲ." "ಈ 'ಠ' ಬರಿಯೂಕೆ ಎಂತಾ ಕಷ್ಟ? ಪೂರಿ ಒತ್ತಿದ ಹಾಗೆ." ನಾನು ನಗುತ್ತಿದ್ದೆ. ಈಗ ಅನಿಸುತ್ತದೆ, ಮದುವೆಯಾದ ಮೇಲೆ ನಾವು ಅಷ್ಟು ಹತ್ತಿರ ಕೂತು, ಅಷ್ಟು ಹೊತ್ತು, ಅಷ್ಟು ದಿನ ಮಾತಾಡಿದ್ದು ಆ ಮಳೆಗಾಲದಲ್ಲೇ. ಅದಕ್ಕೆ ಮುಂಚೆ ಇವರಿಗೆ ದಂಡೆ, ನನಗೆ ಅಂಗಡಿ. ಕಾಯಿಲೆ ಬಂದ ಮೇಲೆ ನಮಗೆ ಪುರಸೊತ್ತು ಸಿಕ್ಕಿತು. ಎಂಥಾ ಹಾಳು ಪುರಸೊತ್ತು ಅದು.

ಒಂದು ಬೆಳಿಗ್ಗೆ ಜೋಡಿಸಿ ನೋಡೋಣ ಎಂದು, ಅಲ್ಲಿಯವರೆಗೆ ತಯಾರಾದ ತುಂಡುಗಳಿಂದ ನಾನು ಲ್ಯಾಪ್‌ಟಾಪಿನಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದೆ. ಅಂಗಡಿಗೆ ಅವತ್ತು ಅದೇ ಆರ್ಡರು ಬಂದಿತ್ತು, ಬೇರೆ ಉದ್ದೇಶ ಏನೂ ಇರಲಿಲ್ಲ. ತೋರಿಸಿದರೆ ಇವರ ಮುಖ ಕಪ್ಪಿಟ್ಟಿತು.

"ತೆಗಿ ಅದನ್ನ."

"ಯಾಕೆ? ಚೆಂದ ಬಂದದೆ."

"ಈ ಅಕ್ಷರ ಎಂತಕ್ಕೆ ದಪ್ಪ ಗೊತ್ತಾ ನಿಂಗೆ? ಹೋಡಿ ತಿರುಗಿ ಬರುವಾಗ ದಂಡೆ ಮೇಲೆ ನಿಂತವ್ರಿಗೆ ದೂರದಿಂದ್ಲೇ ಗೊತ್ತಾಗ್ಬೇಕು, ಇದು ನಮ್ದು ಅಂತ. ತಿರುಗಿ ಬರೋರಿಗೆ ಬರಿಯೂ ಅಕ್ಷರ ಇದು. ಸತ್ತವ್ರು ತಿರುಗಿ ಬರೂದುಂಟಾ? ಅವ್ರ ಹೆಸ್ರು ಇದ್ರಲ್ಲಿ ಬರೆದ್ರೆ ದಂಡೆ ಮೇಲೆ ನಿಂತವ್ರಿಗೆ ಸುಮ್ನೆ ಆಸೆ ಹುಟ್ಸಿದ ಹಾಗೆ. ಐಸ್‌ಕ್ರೀಮಿಗೆ ಹಾಕು, ಹುಟ್ಟುಹಬ್ಬಕ್ಕೆ ಹಾಕು, ಅಂಗನವಾಡಿ ಗೋಡೆಗೆ ಹಾಕು. ಸತ್ತವ್ರಿಗೆ ಮಾತ್ರ ಬೇಡ. ನಾ ಸತ್ರೂ ಬೇಡ."

"ಬಿಡ್ತು ಅನ್ನಿ!"

"ಮಾತು ಕೊಡು."

ಕೊಟ್ಟೆ. ಕೊಡದೆ ಏನು ಮಾಡುವುದು? ಇವರ ಕೈ ಅದಾಗಲೇ ನಡುಗತೊಡಗಿತ್ತು, ಆ ದಿನದ ಹೊತ್ತು ಮುಗಿದಿತ್ತು.

ನಾರಳಿ ಹುಣ್ಣಿಮೆಗೆ ಇನ್ನೇನು ಕೆಲವೇ ದಿನ ಇರುವಾಗ ದಾಮುವಿನ ದೋಣಿಗೆ ಹೆಸರು ಬರೆಯಲು ಹೋದೆವು. 'ಜಲದೇವಿ' ಎಂದು. ಮಾಡಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ದಾಮು ಟಾರ್ಪಲ್ ಹಿಡಿದು ನಿಂತ. 'ಜ' ಚೆನ್ನಾಗಿ ಬಂತು. 'ಲ' ಬಂತು. 'ದೇ' ಬರೆಯುವಾಗ ಇವರ ಹಣೆಯಲ್ಲಿ ಬೆವರು. ಕೊನೆಯ 'ವಿ'ಗೆ ಬರುವಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಬ್ರಶ್ಶು ಹಲಗೆಗೆ ತಾಗುವ ಮೊದಲೇ ಗಾಳಿಯಲ್ಲಿ ಅಲುಗಾಡಿತು. ಇವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಎರಡೂ ಕೈ ನಡುಗಿದವು.

"ನಾಳೆ ಬರೆದ್ರಾಯ್ತು ವಸಂತಾ" ಎಂದ ದಾಮು. ಅವನ ದನಿ ಒಡೆದಿತ್ತು.

"ಅರ್ಧ ಹೆಸ್ರಿನ ಹೋಡಿ ಬಿಟ್ಟು ಮನೆಗೆ ಹೋಗೂದಿಲ್ಲ ನಾನು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಾ ಗೊ ಇಲ್ಲಿ. ಮೊಣಕೈ ಹಿಡ್ಕೊ. ಗಟ್ಟಿ ಹಿಡಿಬೇಡ, ಬೀಳುವ ಮಗೂನ ಹಿಡಿದ ಹಾಗೆ ಹಿಡಿ" ಎಂದರು.

ಹಿಡಿದೆ. ನನ್ನ ಅಂಗೈಯೊಳಗೆ ಅವರ ಮೊಣಕೈ ಪಟಪಟ ಹೊಡೆದುಕೊಳ್ಳುತ್ತಿತ್ತು. ನಿಧಾನವಾಗಿ ಗೆರೆ ಸುತ್ತಿ ಬಂತು. ಹಲ್ಲು ಇತ್ತು, ಇಲ್ಲವೆನ್ನುವುದಿಲ್ಲ, ಆದರೆ ಉರುಟಾಗಿ ಬಂತು. ಅದು ಇವರು ಬರೆದ ಕೊನೆಯ ಅಕ್ಷರ. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ರುಕ್ಮಾಗೆ ಬ್ರಶ್ಶು ಕೊಟ್ಟರು. "ಯಾವ ಬಣ್ಣ?"

"ಹಸ್ರು. ನನ್ನ ಮದ್ವಿ ಸೀರೆ ಹಸ್ರು."

ಅವಳಿಗೆ ಓದು ಬರುವುದಿಲ್ಲ. ನಾಲಿಗೆ ಕಚ್ಚಿಕೊಂಡು ತುಂಬಿದಳು, ಗೆರೆಯ ಹಲ್ಲೆಲ್ಲ ಹಸಿರಿನಲ್ಲಿ ಮುಚ್ಚಿಹೋಯಿತು. ದೋಣಿ ಕಡಲಿಗೆ ಇಳಿದ ಮೊದಲ ದಿನ ನಾವೂ ದಂಡೆಗೆ ಹೋಗಿದ್ದೆವು. ಸಂಜೆ ದೋಣಿಗಳು ಒಂದೊಂದಾಗಿ ಕಾಣತೊಡಗಿದಾಗ, ಓದುಬರಹ ಕಲಿತ ನಾನು ಇನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ ರುಕ್ಮಾ, "ಬಂತು ನಮ್ದು!" ಎಂದು ಓಡಿದಳು. ಇವರು ಬಲಗೈಯನ್ನು ಅಂಗಿಯ ಜೇಬಿನಲ್ಲಿ ಅದುಮಿಟ್ಟುಕೊಂಡು ನಿಂತಿದ್ದರು. ನಗುತ್ತಿದ್ದರು.

ಮುಂದಿನ ಮಳೆಗಾಲ ಬರುವ ಮೊದಲೇ ಇವರು ಹೋದರು. ಡಾಕ್ಟರೇ ಆಶ್ಚರ್ಯಪಡುವಷ್ಟು ಬೇಗ ಕಾಯಿಲೆ ಏರಿ ನುಂಗುವುದಕ್ಕೂ ತೊಂದರೆ ಕೊಟ್ಟಿತು, ಎದೆಯಲ್ಲಿ ಕಫ ಕಟ್ಟಿತು, ದೇಹ ಸೋತಿತು. ಹೆಚ್ಚು ಹೇಳಲಾರೆ.

ಮೂರನೇ ದಿನ ದಾಮು ಮತ್ತು ದಂಡೆಯ ನಾಲ್ಕಾರು ಜನ ಬಂದು ಕೂತರು. ಮಾಜಾಳಿಯ ಚೆಕ್‌ಪೋಸ್ಟ್ ನಾಕಾದಲ್ಲಿ ಫ್ಲೆಕ್ಸ್ ಹಾಕಬೇಕು, ಅದು ವಸಂತನ ಅಕ್ಷರದಲ್ಲೇ ಆಗಬೇಕು ಎಂದರು. ನಾನು ಆಗುವುದಿಲ್ಲ ಎಂದೆ. "ಅವನ ಅಕ್ಷರ ಅವನಿಗೇ ಇಲ್ವಾ ವೈನೀ? ಯಾವ ನ್ಯಾಯ ಇದು?" ಎಂದು ದಾಮು ಅತ್ತ. ಅವನು ಹೇಳಿದ್ದು ಸರಿಯೇ ಇತ್ತು. ಆದರೂ ಕೊಟ್ಟ ಮಾತು ಕೊಟ್ಟ ಮಾತೇ. ಅಂಗಡಿಗೆ ಹೋಗಿ, ಕಂಪ್ಯೂಟರಿನ ಜೊತೆಗೇ ಬಂದಿದ್ದ ಒಂದು ಸಪೂರ ಅಕ್ಷರದಲ್ಲಿ ನನ್ನ ಗಂಡನ ಹೆಸರನ್ನು ನಾನೇ ಟೈಪ್ ಮಾಡಿದೆ. ಫ್ಲೆಕ್ಸ್ ಕಟ್ಟಿದ ದಿನ ಆ ಕಡೆಯ ದಾರಿಹೋಕರೆಲ್ಲ ಫೋಟೋ ನೋಡಿ ಗುರುತು ಹಿಡಿದರು, ಹೆಸರು ಓದಲು ಹತ್ತಿರ ಬರಬೇಕಾಯಿತು. ಊರಿನ ದೋಣಿಗೆಲ್ಲ ಅಷ್ಟು ದೊಡ್ಡದಾಗಿ ಹೆಸರು ಬರೆದವರ ಹೆಸರು ಯಾರಿಗೂ ದೂರದಿಂದ ಕಾಣಲಿಲ್ಲ. ಆ ನೋವು ನನಗೆ ಇವತ್ತಿಗೂ ಆರಿಲ್ಲ.

ಆಮೇಲೆ ನಾನು ಅಂಗಡಿಯನ್ನು ಅಂಕೋಲೆಗೆ ತಂದೆ. ಅಷ್ಟರಲ್ಲಿ ಪೂರ್ತಿಯಾಗಿದ್ದ ಫಾಂಟಿಗೆ 'ಮಾಜಾಳಿ' ಎಂದು ಹೆಸರಿಟ್ಟೆ. ಒಬ್ಬರು ಕೇಳಿದರು, ಪೆನ್‌ಡ್ರೈವಿನಲ್ಲಿ ಕೊಟ್ಟೆ. ಅಲ್ಲಿಂದ ಇನ್ನೊಬ್ಬರಿಗೆ ಹೋಯಿತು. ಈಗ ಫ್ಲೆಕ್ಸ್ ಅಂಗಡಿಗಳಲ್ಲಿ ಅದಕ್ಕೆ 'ಗುಂಡಪ್ಪ' ಎಂದು ಹೆಸರು. "ಅಕ್ಕಾ, ಗುಂಡಪ್ಪನ್ನ ಹಾಕ್ಲಾ?" ಎಂದು ನನ್ನನ್ನೇ ಕೇಳುತ್ತಾರೆ. ಅಂಕೋಲೆಯ ಜ್ಯೂಸ್ ಸೆಂಟರಿನ ಮೇಲೆ ಗುಂಡಪ್ಪ. ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ಕರಿ ಈಶಾಡ ಮಾವಿನಹಣ್ಣಿನ ಬುಟ್ಟಿಗಳ ಮೇಲೆ ಗುಂಡಪ್ಪ. ಮೀನೂಟದ ಹೋಟೆಲು, ಕ್ರಿಕೆಟ್ ಪಂದ್ಯ, ಶಾಲೆಯ ಗ್ಯಾದರಿಂಗು, ಹುಟ್ಟುಹಬ್ಬ. ಕೋರ್ಟಿನ ನೋಟೀಸಿಗೆ ಅದನ್ನು ಹಾಕಿದರೆ ಯಾರೂ ಹೆದರುವುದಿಲ್ಲ, ಆಸ್ಪತ್ರೆಯ ಬೋರ್ಡಿಗೆ ಹಾಕಿದರೆ ರೋಗಿ ನಗುತ್ತಾನೆ. ಅದರ ಗುಣವೇ ಹಾಗೆ, ಮುಖ ಗಂಟುಹಾಕಿಕೊಳ್ಳಲು ಬಾರದು. ಬಸ್ಸಿನಲ್ಲಿ ಹೋಗುವಾಗ ಎಲ್ಲಾದರೂ ಕಂಡರೆ, ಇವರು ಅಲ್ಲೇ ಬೀಡಿ ಸೇದುತ್ತ ನಿಂತಿದ್ದಾರೆ ಎನಿಸಿ ನನಗೆ ಸಮಾಧಾನವಾಗುತ್ತಿತ್ತು. ಇಷ್ಟು ವರ್ಷ ಸತ್ತವರ ಫ್ಲೆಕ್ಸಿನ ಮೇಲೆ ಅದನ್ನು ಯಾರೂ ಹಾಕಿರಲಿಲ್ಲ. ಮೊನ್ನೆಯ ತನಕ.

ಕದ್ವಾಡದಿಂದ ಕಾರವಾರಕ್ಕೆ ವಾಪಸು ಬಂದು ಗಣಪತಿಯ ಅಂಗಡಿಗೆ ನುಗ್ಗಿದವಳೇ, "ಎಂತಾ ಮಾಡಿಟ್ಟಿದ್ದೆ ಕದ್ವಾಡದಲ್ಲಿ? ಸಣ್ಣ ಮಗು ಸತ್ತಿದ್ದಕ್ಕೆ ಗುಂಡಪ್ಪನ ಹಾಕ್ತಾರಾ? ಕಣ್ಣು ಕಾಣೂದಿಲ್ವಾ ನಿಂಗೆ? ಅದೂ ಚಪಾತಿ ಎಳೆದ ಹಾಗೆ ಎಳೆದು!" ಎಂದೆ. ಹೊರಗೆ ಹೋಗುವವರು ನಿಂತು ನೋಡುವಷ್ಟು ದೊಡ್ಡ ದನಿ ಇರಬೇಕು.

ಗಣಪತಿ ಎದ್ದು ನಿಂತು, ಕಣ್ಣಿನಲ್ಲೇ ಮೂಲೆಯ ಕಡೆ ತೋರಿಸಿದ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. "ಅವನಿಯ ಅಪ್ಪ, ಅಕ್ಕಾ. ಟೆಂಪೋ ಓಡಿಸ್ತಾರೆ. ಹನ್ನೆರಡನೇ ದಿವ್ಸದ ಫ್ಲೆಕ್ಸ್ ಮಾಡ್ಸೂಕೆ ಬಂದಾರೆ" ಎಂದ ಗಣಪತಿ ಮೆಲ್ಲಗೆ.

ಆ ಮನುಷ್ಯ ನನ್ನ ಮೇಲೆ ಸಿಟ್ಟಾಗಲಿಲ್ಲ. ತಪ್ಪು ತನ್ನದೇ ಎಂಬಂತೆ ಎದ್ದು ನಿಂತ.

"ನಾನೇ ಹೇಳಿದ್ದು ಬಾಯೀ, ಅವ್ರದ್ದೇನೂ ಇಲ್ಲ. ಪಾಪೂದು ಹುಟ್ಟುಹಬ್ಬದ ಫ್ಲೆಕ್ಸೂ ಇದೇ ಅಕ್ಷರದ್ದು. ಅಂಗನವಾಡಿ ಗೋಡೆ ಮೇಲೂ ಇದೇ ಇತ್ತು. ಅವಳು ಅದ್ರಲ್ಲೇ ಅವಳ ಹೆಸ್ರು ಓದೂಕೆ ಕಲ್ತದ್ದು. ಬೇರೆ ಅಕ್ಷರ ತೋರ್ಸಿದ್ರೆ, 'ಇದು ನಂದಲ್ಲ' ಅಂತಿದ್ಳು." ಅವನು ಗಣಪತಿಯ ಕಂಪ್ಯೂಟರಿನ ಕಡೆ ಕೈ ತೋರಿಸಿದ. "ಸಪೂರ ಅಕ್ಷರದಲ್ಲಿ ಹಾಕಿದ್ರೆ ಅವಳಿಗೆ ಓದೂಕೆ ಬರೂದಿಲ್ಲ."

ಮಳೆ ಮತ್ತೆ ಶುರುವಾಗಿತ್ತು, ಅಂಗಡಿಯ ತಗಡಿನ ಮೇಲೆ ಜೋರಾಗಿ ಬೀಳುತ್ತಿತ್ತು. ನಾನು ಗಣಪತಿಯನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಕೂತೆ. ಕಂಪ್ಯೂಟರಿನಲ್ಲಿ ತೆರೆದಿದ್ದ ಅವನಿಯ ಫ್ಲೆಕ್ಸಿನಲ್ಲಿ ಎಳೆದಿದ್ದ ಅಕ್ಷರಗಳನ್ನು ಮೊದಲು ಅವುಗಳ ಮೈಗೆ ವಾಪಸು ತಂದೆ. ಅಂಚಿನ ಹೂವು, ದೀಪ, ಮೋಡ ಎಲ್ಲ ತೆಗೆದು ಜಾಗ ಮಾಡಿದೆ. ನಡುವೆ ಹೆಸರು ಬರೆದೆ. ಊಟ ಮಾಡಿ ಏಳಲಾರದ ಭಟ್ಟರ 'ಅ', ಅದರ ಪಕ್ಕ 'ವ', ಕೊನೆಗೆ 'ನಿ'. ನೀಲಿಯ ಮೇಲೆ ಬಿಳಿ. ನನಗೆ ನಿಮ್ಮ ಮಾತು ನೆನಪಿದೆ, ಮರೆತಿಲ್ಲ ಎಂದು ಇವರಿಗೆ ಮನಸ್ಸಿನಲ್ಲೇ ಹೇಳಿದೆ. ಆದರೆ ದಂಡೆ ಮೇಲೆ ನಿಂತವನೇ ಬಂದು ಕೇಳುತ್ತಿದ್ದಾನೆ. ಇಲ್ಲ ಎನ್ನಲು ನನಗೆ ಬಾಯಿಲ್ಲ. ಸಿಟ್ಟು ಮಾಡುವುದಾದರೆ ಮಾಡಿಕೊಳ್ಳಿ.

ಕೊನೆಯ ಅಕ್ಷರದ ಬಣ್ಣ ತೆಗೆದುಬಿಟ್ಟೆ. ಗೆರೆ ಮಾತ್ರ ಉಳಿಯಿತು, ಹೊಟ್ಟೆ ಖಾಲಿ.

"ಬನ್ನಿ ಇಲ್ಲಿ" ಎಂದು ಅವನನ್ನು ಕರೆದೆ. "ಇದಕ್ಕೆ ಯಾವ ಬಣ್ಣ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಮತ್ತೆ ಕೇಳಿದೆ. ಕಂಪ್ಯೂಟರಿನ ಹತ್ತಿರ ಬಗ್ಗಿದ. "ಹಳದಿ" ಎಂದ. "ಹಳದಿ ಫ್ರಾಕು ಅಂದ್ರೆ ಜೀವ ಅವಳಿಗೆ."

ಅವನ ಕೈ ಹಿಡಿದು ಮೌಸಿನ ಮೇಲೆ ಇಟ್ಟೆ. ಸ್ಟೇರಿಂಗ್ ಹಿಡಿದು ಗಟ್ಟಿಯಾದ ದೊಡ್ಡ ಕೈ, ಎಲೆಯ ಹಾಗೆ ನಡುಗುತ್ತಿತ್ತು. ಮೊಣಕೈಗೆ ನನ್ನ ಅಂಗೈ ಕೊಟ್ಟೆ, ಗಟ್ಟಿಯಾಗಿ ಅಲ್ಲ. ಅವನು ಹಳದಿಯನ್ನು ಒತ್ತಿದ, ಆಮೇಲೆ ಅಕ್ಷರದ ಒಳಗೆ ಒತ್ತಿದ. 'ನಿ' ತುಂಬಿತು.

ಅವನು ಹಿಂದೆ ಹಿಂದೆ ಸರಿದು ಬಾಗಿಲ ತನಕ ಹೋದ, ಅಲ್ಲಿಂದ ಒಮ್ಮೆ ನೋಡಿದ. ಮಳೆಗೆ ಇಳಿದು ರಸ್ತೆ ದಾಟಿ ಆ ಕಡೆ ನಿಂತು ಮತ್ತೆ ನೋಡಿದ.

"ಕಾಣ್ತದೆ ಬಾಯೀ" ಎಂದು ಅಲ್ಲಿಂದಲೇ ಕೂಗಿದ. "ಇಲ್ಲಿಗೂ ಕಾಣ್ತದೆ."